ಹುಣಸಿನಾಳ ಕ್ರಾಸಿನ ಅರವಟಿಗೆ

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರುಗಳು ಹುಣಸಿನಾಳ ಕ್ರಾಸನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ನೀರಿನ ಸ್ಟಾಪು’ ಅನ್ನುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಇಳಿಯುವವರು ಒಬ್ಬರೂ ಇಲ್ಲದಿದ್ದರೂ ಬಸ್ಸು ನಿಲ್ಲುತ್ತಿತ್ತು. ಮೊದಲು ಡ್ರೈವರ್ ಇಳಿಯುತ್ತಿದ್ದ, ಅವನ ಹಿಂದೆ ಅರ್ಧ ಬಸ್ಸು. ರಸ್ತೆ ಬದಿಯ ಬೇವಿನ ಮರಕ್ಕೆ ಆತು ಜೋಳದ ಕಣಿಕೆಯ ಚಪ್ಪರ, ಚಪ್ಪರದಡಿ ಒದ್ದೆ ಮರಳಿನ ಮೇಲೆ ಕೂತ ನಾಲ್ಕು ಹರವಿ ನೀರು, ಹರವಿಗಳ ಹಿಂದೆ ಮಣೆ ಹಾಕಿಕೊಂಡು ಕಸ್ತೂರೆಮ್ಮ. ಬೊಗಸೆ ಒಡ್ಡಿದರೆ ಸಾಕು, ಹಿತ್ತಾಳೆಯ ಚರಿಗೆಯಿಂದ ತಣ್ಣನೆಯ ಧಾರೆ ಬೀಳುತ್ತಿತ್ತು. ಯಾವ ಊರು, ಯಾವ ಜಾತಿ ಎಂದು ಅವಳು ಕೇಳುತ್ತಿರಲಿಲ್ಲ. ಗಟಗಟ ಕುಡಿಯಬೇಡ, ನಿಧಾನ ಕುಡಿ ಎಂದು ಮಾತ್ರ ಬೈಯುತ್ತಿದ್ದಳು.

ಬೇಸಿಗೆಯಲ್ಲಿ ಅರವಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುವುದು ಅವಳ ಮನೆತನಕ್ಕೆ ಬಂದ ಸೇವೆ. ಅತ್ತೆ ಇಟ್ಟಿದ್ದಳು, ಅತ್ತೆಯ ಅತ್ತೆಯೂ ಇಟ್ಟಿದ್ದಳಂತೆ. ಗಂಡ ಅಮರಗುಂಡಪ್ಪನಿಗೆ ಊರೊಳಗೆ ಕಿರಾಣಿ ಅಂಗಡಿ. ಅಲ್ಲಿ ಅವನು ಕೊಟ್ಟ ಬೆಲ್ಲಕ್ಕೆ ಜನ ಹೆಸರಿಡುತ್ತಿದ್ದರು, ಇಲ್ಲಿ ಇವಳು ಕೊಟ್ಟ ನೀರಿಗೆ ಕೈ ಮುಗಿಯುತ್ತಿದ್ದರು. ಅದಕ್ಕೇ ಮನೆಯಲ್ಲಿ ಮಾತು ಅವಳದೇ ನಡೆಯುತ್ತಿತ್ತು ಎಂದು ಊರವರು ಹೇಳುತ್ತಿದ್ದರು.

ಮಡಿಯಲ್ಲಿ ಅವಳನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಬೆಳಗಿನ ಜಾವ ಮಿಂದು, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು ಬೀದಿಗೆ ಬಂದಳೆಂದರೆ ಮುಸುರೆ ತಿಕ್ಕುತ್ತ ಕೂತ ಹೆಂಗಸರು ಸುಮ್ಮನೇ ಇನ್ನೊಂದು ಸಲ ಪಾತ್ರೆ ತೊಳೆಯುತ್ತಿದ್ದರು. ‘ಕಸ್ತೂರೆಮ್ಮಾರು ನೀರನ್ನೂ ತೊಳದು ಕುಡೀತಾರ’ ಎಂದು ಬೆನ್ನ ಹಿಂದೆ ನಗುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದಳು.

ಅತ್ತೆಯ ಕಾಲದಲ್ಲಿ ಯುಗಾದಿಗೆ ಅರವಟಿಗೆ ಇಟ್ಟರೆ ಜೂನಿನ ಮಿರಗದ ಮಳೆಗೆ ತೆಗೆಯುವುದು. ಈಚೆಗೆ ಆ ಲೆಕ್ಕವೆಲ್ಲ ಕೆಟ್ಟಿತ್ತು. ಶಿವರಾತ್ರಿಗೇ ಡಾಂಬರು ಕಾಲಿಗೆ ಅಂಟುತ್ತಿತ್ತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬುದು ಗಾದೆಯಲ್ಲಿ ಉಳಿದು, ಓಣಿಯಲ್ಲಿ ಬರೀ ಧೂಳು ಏಳುತ್ತಿತ್ತು. ಸರಕಾರದವರು ಕೊರೆಸಿದ ಬೋರಿನ ನೀರು ಉಪ್ಪು; ಎಮ್ಮೆಯೂ ಮೂಸಿ ಬಿಡುತ್ತಿತ್ತು. ಸಿಹಿನೀರು ಎಂದರೆ ಊರ ಮುಂದಿನ ಪಾವಟಿಗೆ ಬಾವಿಯದೇ. ಮೂರು ವರ್ಷ ಸರಿಯಾಗಿ ಮಳೆಯಾಗದೆ ಅದರಲ್ಲಿ ನೀರು ಕೆಳಗೆ ಕೆಳಗೆ ಇಳಿದು, ಮೊದಲು ಹತ್ತು ಮೆಟ್ಟಿಲು ಇಳಿಯುತ್ತಿದ್ದವರು ಈಗ ಮೂವತ್ತು ಇಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದರು. ಕ್ರಾಸಿಗೆ ನೀರು ಹೊರುವ ಕೆಲಸ ಕುರುಬರ ಗ್ಯಾನಮ್ಮನದು. ಗ್ಯಾನಮ್ಮ ಹೊರುವುದರಲ್ಲಿ ಗಟ್ಟಿ, ಉಳಿದ ಎಲ್ಲದರಲ್ಲೂ ಸೋಮಾರಿ.

ಆ ಬಾವಿಯ ನೀರಿನಲ್ಲೇ ಆ ಊರಿನ ಶನಿಯೂ ಇತ್ತು. ಬೇಸಿಗೆ ಬಂತೆಂದರೆ ನಾರುಹುಣ್ಣು. ಕಾಲಿಗೆ ಗುಳ್ಳೆ ಎದ್ದು ಒಡೆದು ಅದರೊಳಗಿಂದ ಬಿಳಿ ನೂಲಿನಂಥ ಹುಳ ತಲೆ ಹಾಕುವುದು. ಒಂದು ಮೊಳ, ಎರಡು ಮೊಳ ಉದ್ದ. ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಹೊರಗೆ ತೆಗೆಯಬೇಕು. ಅವಸರ ಮಾಡಿ ಎಳೆದರೆ ಹರಿದು ಒಳಗೇ ಕೊಳೆಯುತ್ತದೆ. ಬಿತ್ತುವ ಹೊತ್ತಿಗೆ ಮನೆಗಿಬ್ಬರು ಕಾಲು ಚಾಚಿ ಕೂತಿರುತ್ತಿದ್ದರು. ಹಿಂದಿನ ಜನ್ಮದ ಪಾಪ ಎನ್ನುವವರೂ ಇದ್ದರು, ಹಾವಿಗೆ ಹೊಡೆದ ದೋಷ ಎನ್ನುವವರೂ ಇದ್ದರು.

ಎಂಬತ್ತೈದರಲ್ಲಿ ಲಿಂಗಸುಗೂರಿನಿಂದ ಸೈಕಲ್ಲಿನ ಮೇಲೆ ವೆಂಕೋಬ ಎಂಬ ಆರೋಗ್ಯ ಇಲಾಖೆಯವನು ಬಂದು ಪಾಪದ ಮಾತನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕಿದ. ಬಾವಿ ನೀರಿನಲ್ಲಿ ಗಸಗಸೆ ಕಾಳಿಗಿಂತ ಸಣ್ಣ ಹುಳ ಇವೆ, ಅವುಗಳ ಹೊಟ್ಟೆಯಲ್ಲಿ ನಾರಿನ ಬೀಜ ಇದೆ, ಕುಡಿದರೆ ಬರೋಬ್ಬರಿ ಒಂದು ವರ್ಷಕ್ಕೆ ಕಾಲಿನಿಂದ ಹೊರಗೆ ಬರುತ್ತದೆ, ಉರಿ ತಾಳದೆ ಆ ಕಾಲನ್ನು ಬಾವಿಯಲ್ಲಿ ಇಟ್ಟರೆ ಮತ್ತೆ ಬೀಜ ಉದುರುತ್ತದೆ ಎಂದ. ಮನೆಮನೆಗೆ ತೆಳ್ಳಗಿನ, ನೇಯ್ಗೆ ಬಿಗಿಯಾದ ಬಿಳಿ ಅರಿವೆ ಹಂಚಿ, ಕೊಡದ ಬಾಯಿಗೆ ಇದನ್ನು ಕಟ್ಟಿ ಸೋಸಿ ಕುಡಿಯಿರಿ ಎಂದು ಹೇಳಿ ಹೋದ. ಉಳಿದವರು ಅನುಮಾನಿಸಿದರು. ಕಸ್ತೂರೆಮ್ಮನಿಗೆ ಮಾತ್ರ ಮನಸ್ಸು ತುಂಬಿತು. ನೀರು ಸೋಸಿ ಕುಡಿಯುವುದು ಅವಳ ಮನೆಯಲ್ಲಿ ತಲೆಮಾರಿನಿಂದ ಬಂದದ್ದು. ಸರಕಾರಕ್ಕೆ ಈಗ ಬುದ್ಧಿ ಬಂತು ಅಷ್ಟೆ.

ಅರಿವೆ ಕೆಲಸ ಮಾಡಿತು. ಇಪ್ಪತ್ತು ಮೂವತ್ತು ಇದ್ದ ಹುಣ್ಣು ಮರುವರ್ಷ ಐದಾಯಿತು. ಎಂಬತ್ತೇಳರ ಬೇಸಿಗೆಗೆ ಇಡೀ ಹುಣಸಿನಾಳದಲ್ಲಿ ಉಳಿದದ್ದು ಒಂದೇ ಒಂದು. ಅದು ಅಮರಗುಂಡಪ್ಪನ ಎಡಗಾಲಿನ ಹರಡಿನ ಮೇಲೆ ಎದ್ದಿತು.

ವೆಂಕೋಬ ಪಡಸಾಲೆಯಲ್ಲಿ ಕೂತು ಹುಳವನ್ನು ಕಡ್ಡಿಗೆ ಸುತ್ತಿ ಕಟ್ಟು ಹಾಕಿದ.

‘ಊರಿಗೆಲ್ಲ ಇದೊಂದ ನಾರು ನೋಡ್ರಿ ಅಮ್ಮಾರ. ಅದೂ ನಿಮ್ಮನ್ಯಾಗ,’ ಎಂದ.

‘ನಮ್ಮನ್ಯಾಗಿಂದು ಅಲ್ಲ ತಮ್ಮಾ ಅದು,’ ಎಂದಳು ಕಸ್ತೂರೆಮ್ಮ. ‘ಇವರು ಸಾಮಾನು ತರಾಕ ಲಿಂಗಸುಗೂರಿಗೆ ಹೋಗ್ತಾರಲ್ಲ, ಅಲ್ಲಿ ಹೋಟೆಲ್ನ್ಯಾಗ ಕುಡುದು ಬಂದಾರ.’

‘ನಾ ಹೋಟೆಲ್ನ್ಯಾಗ ಚಾ ಬಿಟ್ರ ಏನೂ ಮುಟ್ಟಂಗಿಲ್ಲ,’ ಎಂದ ಅಮರಗುಂಡಪ್ಪ.

‘ಚಾ ಯಾತರಾಗ ಮಾಡ್ತಾರ, ಎಣ್ಣ್ಯಾಗೇನು?’

‘ಕುದಿಸಿದ ನೀರಾಗ ಹುಳ ಉಳಿಯಂಗಿಲ್ರಿ ಅಮ್ಮಾರ,’ ಎಂದ ವೆಂಕೋಬ. ಮದುವೆಯಾದ ನಲವತ್ತು ವರ್ಷದಲ್ಲಿ ಅಮರಗುಂಡಪ್ಪ ಹೆಂಡತಿಯ ಎದುರು ಗೆದ್ದದ್ದು ಅದೇ ಮೊದಲು. ಅವನು ನೋವು ಮರೆತು ಮೀಸೆ ಸವರಿಕೊಂಡ. ಕಸ್ತೂರೆಮ್ಮ ಅಂದು ಅವನಿಗೆ ಸಾರಿನಲ್ಲಿ ಉಪ್ಪು ಕಡಿಮೆ ಹಾಕಿ ಬಡಿಸಿದಳು.

ಆದರೆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಬಾವಿಗೆ ಬಂದ ಹೆಂಗಸರು ತನ್ನನ್ನು ನೋಡಿ ಮಾತು ನಿಲ್ಲಿಸಿದರೆ, ಸೋಸುವುದು ಬರೀ ತೋರಿಕೆಗೆ ಎಂದುಕೊಳ್ಳುತ್ತಾರೇನೋ ಎನಿಸಿತು. ಅವಳು ಇನ್ನಷ್ಟು ಮಡಿಯಾದಳು. ಎರಡು ಸಲ ಒಗೆಯುತ್ತಿದ್ದ ಅರಿವೆಯನ್ನು ಮೂರು ಸಲ ಒಗೆದಳು.

ಆ ವಾರವೇ ಬಳೆಗಾರ ಬಾಬುಸಾಬ್ ಬಂದ. ಮಸ್ಕಿಯವನು, ಅರವತ್ತು ದಾಟಿದವನು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ನಡೆದು, ವಾರಕ್ಕೊಮ್ಮೆ ಮಂಗಳವಾರ ಈ ದಾರಿಯಲ್ಲಿ ಹಾಯುತ್ತಿದ್ದ. ಕಸ್ತೂರೆಮ್ಮನ ಕೈಯ ಹಸಿರು ಬಳೆ ಅವನು ತೊಡಿಸಿದ್ದೇ. ಆ ಬೇಸಿಗೆಯಲ್ಲಿ ಎರಡು ತಿಂಗಳು ಅವನ ಸುಳಿವಿರಲಿಲ್ಲ. ಈಗ ಕೋಲೂರಿ ಕುಂಟುತ್ತ ಬಂದು ಚಪ್ಪರದ ನೆರಳಿಗೆ ಕೂತ.

‘ಏನಾತೋ ಬಾಬುಸಾಬಣ್ಣ?’

‘ನಾರು ಬಂದಿತ್ತಮ್ಮ. ಹಿಮ್ಮಡಿಯಾಗ. ಮದುವಿ ಸುಗ್ಗಿ ಎಲ್ಲಾ ಮನ್ಯಾಗ ಕುಂತು ಕಳದ್ಯಾ,’ ಎಂದ. ‘ಯಾ ಊರಾಗ ಕುಡುದ್ನೋ ಏನೋ. ಹತ್ತು ಊರು ತಿರಗಾವ, ಎಲ್ಲಿದು ಅಂತ ಹೇಳಲಿ. ನಿಮ್ಮ ಅರವಟಿಗಿ ಒಂದು ಬಿಟ್ರ ಇನ್ನೆಲ್ಲೂ ಬಾಯಿ ಹಚ್ಚಬಾರದು ಅಂತ ಕಿವಿ ಹಿಡಕೊಂಡೀನಿ.’

ಅವನು ಬೊಗಸೆ ಒಡ್ಡಿದ. ಅವಳು ಸುರಿದಳು. ಅವನು ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡು, ಅಲ್ಲಾ ನಿಮ್ಮನ್ನು ತಣ್ಣಗಿಡಲಿ ಎಂದು ಎದ್ದುಹೋದ. ಆ ಹರಕೆಯಿಂದ ಕಸ್ತೂರೆಮ್ಮನ ಎದೆಯ ಮುಳ್ಳು ಅರ್ಧ ಇಳಿಯಿತು.

ಎರಡು ದಿನ ಬಿಟ್ಟು ವೆಂಕೋಬ ಮತ್ತೆ ಬಂದ. ಅವನಿಗೂ ನಿದ್ದೆ ಹತ್ತಿರಲಿಲ್ಲ. ಹೇಗೋ ಹಾಗೆ ಸೋಸುವ ಮನೆಗಳಲ್ಲಿ ಹುಣ್ಣು ಇಲ್ಲ, ಸೋಸುವುದರಲ್ಲಿ ಹೆಸರಾದ ಮನೆಯಲ್ಲಿ ಹುಣ್ಣು ಇದೆ ಎಂದರೆ ಮೇಲಿನವರು ಅವನ ಅರಿವೆಯನ್ನೇ ನಂಬುವುದಿಲ್ಲ. ‘ಇವತ್ತು ಇಲ್ಲೇ ಕುಂದರ್ತೀನ್ರಿ, ನೀವು ನಿಮ್ಮ ಕೆಲಸ ಮಾಡ್ರಿ,’ ಎಂದು ಮರಕ್ಕೆ ಒರಗಿ ಕೂತ.

ಕಸ್ತೂರೆಮ್ಮನಿಗೆ ಪರೀಕ್ಷೆ ಅಂದರೆ ಭಯವಿಲ್ಲ, ಹಬ್ಬ. ಗ್ಯಾನಮ್ಮ ತಂದ ಮೊದಲ ಕೊಡವನ್ನು ಇಳಿಸಿಕೊಂಡಳು. ಹರವಿಯ ಬಾಯಿಗೆ ಅರಿವೆ ಬಿಗಿದು ಕಟ್ಟಿ, ಸಣ್ಣ ಧಾರೆಯಾಗಿ ಸುರಿದಳು. ಕಸ, ಎಲೆಚೂರು, ಕಣ್ಣಿಗೆ ಕಂಡೂ ಕಾಣದಂಥ ಚುಕ್ಕೆಗಳು ಅರಿವೆಯ ಮೇಲೆ ನಿಂತವು. ವೆಂಕೋಬ ಗಾಜಿನ ಲೋಟದಲ್ಲಿ ಹರವಿಯ ನೀರು ತೆಗೆದು ಬಿಸಿಲಿಗೆ ಹಿಡಿದ. ಒಂದು ಚುಕ್ಕೆಯೂ ಇಲ್ಲ.

‘ಹ್ಯಾಂಗೈತಿ?’ ಎಂದಳು ಕಸ್ತೂರೆಮ್ಮ.

‘ಕನ್ನಡಿ ಇದ್ದಂಗ ಐತ್ರಿ.’

ಗ್ಯಾನಮ್ಮ ಎರಡನೆಯ ಕೊಡ ತಂದಳು. ಕಸ್ತೂರೆಮ್ಮ ಅರಿವೆ ಬಿಚ್ಚಿ, ಮೇಲಿನ ಕಸ ಕೊಡವಿ, ಅದನ್ನು ತಿರುವಿ ಕೆಳಗಿನ ಮಗ್ಗಲು ಮೇಲೆ ಮಾಡಿ ಮತ್ತೆ ಹರವಿಗೆ ಕಟ್ಟಿದಳು. ಸುರಿಯಲು ಕೊಡ ಎತ್ತಿದವಳ ಕೈಯನ್ನು ವೆಂಕೋಬನ ದನಿ ನಿಲ್ಲಿಸಿತು.

‘ಅದನ್ಯಾಕ ತಿರುವಿದ್ರಿ?’

‘ತಿರುವದ ಮತ್ತ?’ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಆ ಮಗ್ಗಲು ಮೈಲಿಗಿ ಆತಲ್ಲ ತಮ್ಮಾ. ಒಂದು ಕೊಡದ ಕಸ ಕುಂತದ್ದರ ಮ್ಯಾಲೆ ಇನ್ನೊಂದು ಕೊಡ ಹಾಕಾಕ ಬರ್ತೈತೇನು? ಮುಸುರಿ ತಾಟಿನ್ಯಾಗ ಮತ್ತೊಬ್ರಿಗೆ ಬಡಿಸಿದಂಗ. ನಮ್ಮನ್ಯಾಗ ಕೊಡಕ್ಕೊಂದು ಸಲ ತಿರುವತೀವಿ.’

ಸುರಿಯಿರಿ ಎಂದು ವೆಂಕೋಬ ಕೈ ಮಾಡಿದ. ಅವಳು ಸುರಿದಳು. ಅವನು ಮತ್ತೆ ಲೋಟ ತುಂಬಿ ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿ, ಲೋಟವನ್ನು ಅವಳ ಕೈಗೆ ಕೊಟ್ಟ.

ಲೋಟದ ತಿಳಿನೀರಿನಲ್ಲಿ ಏಳೋ ಎಂಟೋ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನಿಲ್ಲುವುದು, ಜಿಗಿಯುವುದು, ಮತ್ತೆ ನಿಲ್ಲುವುದು, ಜಿಗಿಯುವುದು. ಮೊದಲ ಕೊಡದಲ್ಲಿ ಅರಿವೆಗೆ ಅಂಟಿ ಉಳಿದ ಹುಳಗಳೆಲ್ಲ ಎರಡನೆಯ ಕೊಡದ ನೀರು ಬಿದ್ದೊಡನೆ ತೊಳೆದುಕೊಂಡು ಸೀದಾ ಹರವಿಯೊಳಗೆ ಇಳಿದಿದ್ದವು. ವೆಂಕೋಬ ಅದನ್ನು ವಿವರಿಸಬೇಕಾಗಲಿಲ್ಲ. ಕಸ್ತೂರೆಮ್ಮ ದಡ್ಡಿಯಲ್ಲ.

‘ನಮ್ಮನ್ಯಾಗ ಒಂದ ಮಗ್ಗಲಿಗೆ ಹಾಕ್ತೀವ್ರಿ,’ ಎಂದಳು ಗ್ಯಾನಮ್ಮ, ಸಿಂಬೆ ಕೈಯಲ್ಲಿ ಹಿಡಿದು. ‘ತಿರುವಿಕೋಂತ ಕುಂದರಾಕ ಯಾರಿಗೆ ಪುರುಸೊತ್ತೈತಿ.’ ಅವಳು ಚುಚ್ಚಲು ಅಂದದ್ದಲ್ಲ, ಇದ್ದದ್ದನ್ನು ಅಂದಳು. ಹೊಲಸು ಅರಿವೆಯವಳು ಎಂದು ಕಸ್ತೂರೆಮ್ಮ ಅವಳನ್ನು ಬೈಯದ ದಿನವಿರಲಿಲ್ಲ. ಆ ಹೊಲಸು ಅರಿವೆಯ ಮನೆಯಲ್ಲಿ ಎರಡು ವರ್ಷದಿಂದ ಒಂದೂ ಹುಣ್ಣು ಎದ್ದಿರಲಿಲ್ಲ.

ಅತಿಯಾದರೆ ಅಮೃತವೂ ವಿಷ ಎಂದು ಕಸ್ತೂರೆಮ್ಮ ಎಷ್ಟು ಜನಕ್ಕೆ ಹೇಳಿದ್ದಳೋ ಏನೋ. ತನಗೆ ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಲೋಟ ಹಿಡಿದು ಕೂತವಳ ಕಣ್ಣ ಮುಂದೆ ಗಂಡನ ಕಾಲು ಬಂತು, ಆಮೇಲೆ ಬಾಬುಸಾಬನ ಹಿಮ್ಮಡಿ ಬಂತು. ನಿಮ್ಮ ಅರವಟಿಗೆ ಒಂದು ಬಿಟ್ಟರೆ ಎಂದಿದ್ದ. ಹೋದ ವರ್ಷ ಕೂಡ, ಮೊನ್ನೆ ಕೂಡ, ಇದೇ ಕೈಯಿಂದ ಸುರಿದಿದ್ದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎರಡು ಬೇಸಿಗೆಯಲ್ಲಿ ಎಷ್ಟು ಬಸ್ಸು, ಎಷ್ಟು ಬೊಗಸೆ!

‘ನಂದೂ ತಪ್ಪೈತ್ರಿ,’ ಎಂದ ವೆಂಕೋಬ. ‘ಸೋಸ್ರಿ ಅಂದೆ, ಒಗೀರಿ ಅಂದೆ. ಒಂದ ಮಗ್ಗಲಿಗೆ ಹಾಕ್ರಿ ಅಂತ ಹೇಳಲಿಲ್ಲ. ತಿರುವತಾರ ಅಂತ ನನ್ನ ತಲ್ಯಾಗ ಬರಲಿಲ್ಲ.’

ಕಸ್ತೂರೆಮ್ಮ ಹರವಿಯನ್ನು ಬಗ್ಗಿಸಿ ನೀರನ್ನೆಲ್ಲ ಮರದ ಬುಡಕ್ಕೆ ಚೆಲ್ಲಿದಳು. ‘ಇನ್ನ ಈ ಕೈಲೆ ನೀರು ಹಾಕಂಗಿಲ್ಲ. ಅರವಟಿಗಿ ತೆಗಿಸಿಬಿಡ್ತೀನಿ,’ ಎಂದಳು.

‘ತೆಗೀರಿ,’ ಎಂದಳು ಗ್ಯಾನಮ್ಮ. ‘ನನಗೂ ಹೊರಾದು ತಪ್ತೈತಿ. ಬಸ್ಸಿನ್ಯಾರು ಸೀದಾ ಬಾವಿಗೆ ಇಳದು, ಕಾಲು ತೊಳಕೊಂಡು, ಅದನ್ನ ಕುಡುದು ಹೋಗ್ತಾರ.’

ಸೋಮಾರಿ ಹೆಂಗಸಿನ ಬಾಯಿಂದ ಅಂಥ ಮಾತು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಕಸ್ತೂರೆಮ್ಮ ಮನೆಗೆ ಹೋಗಿ ಸೂಜಿ, ಕೆಂಪು ದಾರ ತಂದು, ಒಗೆದು ಒಣಗಿದ ಹೊಸ ಅರಿವೆಯ ಒಂದು ಮಗ್ಗಲಿಗೆ ಅಂಗೈಯಗಲದ ಬಿಲ್ವಪತ್ರೆಯ ಚಿತ್ರ ಹೊಲಿದಳು. ಪತ್ರೆ ಯಾವಾಗಲೂ ಮೇಲೆ. ಪತ್ರೆಯನ್ನು ಕೆಳಗೆ ಹಾಕುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ. ಸೋಸಿದ ಮೇಲೆ ಅರಿವೆಯನ್ನು ಸೋಸಿದ ನೀರಿನಿಂದಲೇ ತೊಳೆದು ಬಿಸಿಲಿಗೆ ಹಾಕುವುದನ್ನು ವೆಂಕೋಬ ಕಲಿಸಿದ. ಬಾವಿಗೂ ಔಷಧಿ ಬಿಟ್ಟು ಹೋದ. ಊರ ಹೆಂಗಸರೆಲ್ಲ ತಮ್ಮ ಅರಿವೆಗೂ ಪತ್ರೆ ಹೊಲಿಸಿಕೊಂಡರು. ಸಾಬರ ಓಣಿಯವರು ಪತ್ರೆ ಬೇಡವೆಂದು ನಕ್ಷತ್ರದ ಚಿಕ್ಕಿ ಹೊಲಿಸಿಕೊಂಡರು.

ಇಷ್ಟಾದರೂ ಒಂದು ಉಳಿದಿತ್ತು. ಮುಂದಿನ ಮಂಗಳವಾರ ಬಾಬುಸಾಬ್ ಬಂದು ಕೂತ. ಬೊಗಸೆ ಒಡ್ಡುವ ಮೊದಲೇ ಕಸ್ತೂರೆಮ್ಮ ಚರಿಗೆ ಕೆಳಗಿಟ್ಟಳು.

‘ಬಾಬುಸಾಬಣ್ಣ, ನಿನ್ನ ಹಿಮ್ಮಡಿ ನಾರು ಹತ್ತು ಊರಿಂದಲ್ಲ. ಇಲ್ಲೀದು. ನನ್ನ ಕೈಲೆ ಹಾಕಿದ್ದು,’ ಎಂದು ಅರಿವೆ ತಿರುವಿದ ಕಥೆಯನ್ನೆಲ್ಲ ಹೇಳಿದಳು. ‘ಹೋದ ಮಂಗಳವಾರ ಕುಡದ್ಯಲ್ಲ, ಅದರಾಗೂ ಇದ್ದಿರಬೇಕು. ಬರೂ ವರ್ಷಕ್ಕ ಗೊತ್ತಾಗ್ತೈತಿ. ಈಗ ಸೋಸಿದ್ದು ಛಲೋ ಐತಿ. ಆದ್ರೂ ಹೇಳದ ಹಾಕಾಕ ಮನಸಾಗಲಿಲ್ಲ.’

ಬಾಬುಸಾಬ್ ತಲೆ ತಗ್ಗಿಸಿ ಕೇಳಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಮಲಾರವನ್ನು ಹೆಗಲಿಗೆ ಏರಿಸಿಕೊಂಡು, ಕೋಲೂರಿ, ಆ ಉರಿಬಿಸಿಲಿನಲ್ಲಿ ನೀರು ಕುಡಿಯದೆ ಮಸ್ಕಿಯ ಕಡೆ ನಡೆದುಬಿಟ್ಟ. ಮುಂದಿನ ಮಂಗಳವಾರ ಬರಲಿಲ್ಲ. ಆ ವರ್ಷ ಮತ್ತೆ ಬರಲೇ ಇಲ್ಲ.

ಒಂದು ವರ್ಷ ಕಾಯುವುದೆಂದರೆ ಏನೆಂದು ಕಸ್ತೂರೆಮ್ಮನಿಗೆ ಆಗ ತಿಳಿಯಿತು. ಬಸುರಿಗಾದರೆ ಒಂಬತ್ತು ತಿಂಗಳು. ಹುಳ ಹನ್ನೆರಡು ತಿಂಗಳು ಒಳಗೆ ಬೆಳೆಯುತ್ತದೆ, ಹೊತ್ತವನಿಗೆ ಗೊತ್ತೇ ಆಗುವುದಿಲ್ಲ. ಎಂಬತ್ತೆಂಟರ ಶಿವರಾತ್ರಿಗೆ ಅವಳು ಮತ್ತೆ ಚಪ್ಪರ ಹಾಕಿಸಿದಳು. ಆದರೆ ಈ ಸಲ ನೀರಿಗೆ ಒಂದು ಷರತ್ತು ಹಚ್ಚಿದಳು. ಹೋದ ವರ್ಷ ಇಲ್ಲಿ ಕುಡಿದವರೆಲ್ಲ ಮೊದಲು ಕಾಲು ತೋರಿಸಬೇಕು.

ಊರಿಗೆ ನಗೆಯ ಸುಗ್ಗಿಯಾಯಿತು. ಮಡಿಯ ಮುದುಕಿ ಹಾದಿಬದಿಯಲ್ಲಿ ಕೂತು, ಕಂಡ ಕಂಡ ಗಂಡಸರಿಗೆ ಧೋತರ ಎತ್ತು, ಪ್ಯಾಂಟು ಮಡಚು ಎನ್ನುವುದು ಎಲ್ಲಿಯಾದರೂ ಉಂಟೆ? ಅಮರಗುಂಡಪ್ಪ ಅಂಗಡಿ ಬಿಟ್ಟು ಓಡಿಬಂದ.

‘ಏನ್ಬೇ ಇದು, ಮಂದಿ ಏನಂದಾರು?’

‘ಮಂದಿ ಕಾಲಿಗೆ ನಾರು ಹಾಕಿದಾಗ ಮಂದಿ ಏನೂ ಅನ್ನಲಿಲ್ಲ. ಈಗ ಅನ್ನಲಿ ಬಿಡ್ರಿ,’ ಎಂದಳು. ಅವನು ಹೋದ ದಾರಿಯಲ್ಲೇ ಹಿಂದಿರುಗಿದ.

ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬರುವವರು, ಜವಳಗೇರಾ ಕಡೆ ನಾಟಿಗೆ ಹೊರಟ ಕೂಲಿ ಹೆಂಗಸರು, ಟ್ರ್ಯಾಕ್ಟರಿನವರು, ಕುರಿಯವರು, ಎಲ್ಲರೂ ನಗುತ್ತಲೇ ಕಾಲು ತೋರಿಸಿದರು. ಮೊದಮೊದಲು ನಾಚಿದ ಡ್ರೈವರ್ ಆಮೇಲೆ ಬಸ್ಸಿನಿಂದ ಇಳಿಯುವಾಗಲೇ ಪ್ಯಾಂಟು ಮಡಚಿಕೊಂಡು ಇಳಿಯತೊಡಗಿದ. ಕೆರೆತವಿತ್ತು, ಬಿರುಕಿತ್ತು, ನಾಯಿ ಕಚ್ಚಿದ ಗುರುತಿತ್ತು. ನಾರುಹುಣ್ಣು ಇರಲಿಲ್ಲ.

ವೈಶಾಖದಲ್ಲಿ ಒಂದು ಬಂತು. ಅವಳ ಬಲಗಾಲಿನ ಮೀನಖಂಡದ ಮೇಲೆ ಗುಳ್ಳೆ ಎದ್ದು ಒಡೆಯಿತು.

ಹೋದ ವರ್ಷದ ತಿರುವಿದ ಅರಿವೆಯ ನೀರು, ಅವಳೂ ಕುಡಿದಿದ್ದಳಲ್ಲ. ಬೆಂಕಿಯಂಥ ಉರಿ. ಆದರೆ ಮನಸ್ಸಿಗೆ ಯಾಕೋ ಸಮಾಧಾನವಾಯಿತು. ಬರುವುದೇ ಇದ್ದರೆ ನನ್ನ ಕಾಲಿಗೇ ಬರಲಿ ಎಂದು ದಿನವೂ ಲಿಂಗದ ಮುಂದೆ ಬೇಡಿಕೊಂಡಿದ್ದಳು. ಶಿವ ಕೇಳಿಸಿಕೊಂಡಿದ್ದಾನೆ ಎಂದುಕೊಂಡಳು. ವೆಂಕೋಬ ಬಂದು ಕಡ್ಡಿ ಕಟ್ಟಿ, ವಾಸಿಯಾಗುವ ತನಕ ಬಾವಿಯ ಹತ್ತಿರ ಸುಳಿಯಬಾರದು ಎಂದ. ಅವಳು ಚಪ್ಪರದಡಿ ಹೊರಸು ಹಾಕಿಸಿಕೊಂಡು ಕಾಲು ಚಾಚಿ ಕೂತಳು. ಪತ್ರೆ ಮೇಲಿದೆಯೋ ಎಂದು ಹೊರಸಿನಿಂದಲೇ ಕೂಗುವುದು ಅವಳು, ಸೋಸಿ ಸುರಿಯುವುದು ಗ್ಯಾನಮ್ಮ. ಕಾಲು ತೋರಿಸಿ ಎಂದರೆ ಮೊದಲು ನಿಮ್ಮದು ತೋರಿಸಿ ಎಂದು ಕೆಲವರು ಚೇಷ್ಟೆ ಮಾಡುತ್ತಿದ್ದರು. ಅವಳು ಸೀರೆಯ ಅಂಚು ಗೇಣು ಸರಿಸಿ ತೋರಿಸುತ್ತಿದ್ದಳು. ತೋರಿಸಿ, ಅರಿವೆ ತಿರುವಿದರೆ ಏನಾಗುತ್ತದೆ ಎಂದು ಹೇಳುತ್ತಿದ್ದಳು. ಅದನ್ನು ಕೇಳಿದವರು ಯಾರೂ ಆಮೇಲೆ ನಗಲಿಲ್ಲ.

ಬೇಸಿಗೆ ಮುಗಿಯುತ್ತ ಬಂತು. ನೋಡಬೇಕಾದ ಕಾಲುಗಳಲ್ಲಿ ಒಂದು ಜೋಡಿ ಮಾತ್ರ ಉಳಿದಿತ್ತು. ಮಸ್ಕಿಯಿಂದ ಬಂದವರನ್ನೆಲ್ಲ ಬಳೆಗಾರ ಬಾಬುಸಾಬನನ್ನು ಕಂಡಿರಾ ಎಂದು ಕೇಳಿದಳು. ಮನೆಗೆ ಬೀಗ ಇದೆ ಎಂದರು ಕೆಲವರು. ಕಾಲು ಬಾತು ಮಲಗಿದ್ದಾನೆ ಎಂದು ಕೇಳಿದ್ದೆ ಎಂದ ಒಬ್ಬ. ಅದು ಈ ವರ್ಷದ್ದೋ ಹೋದ ವರ್ಷದ್ದೋ ಅವನಿಗೆ ನೆನಪಿರಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ.

ಆ ವರ್ಷ, ಮೂರು ವರ್ಷದ ಬಾಕಿಯನ್ನೆಲ್ಲ ತೀರಿಸುವಂತೆ, ಮಿರಗ ಹೇಳಿದ ದಿನಕ್ಕೇ ಕೂಡಿತು. ಮಧ್ಯಾಹ್ನ ಮೋಡ ಕಟ್ಟಿ ದಬದಬ ಸುರಿಯಿತು. ಮಕ್ಕಳು ಬೀದಿಗೆ ಇಳಿದರು, ಅಮರಗುಂಡಪ್ಪ ಅಂಗಡಿಯ ತಾಡಪತ್ರಿ ಬಿಗಿದ. ಪದ್ಧತಿಯಂತೆ ಅಂದೇ ಅರವಟಿಗೆ ತೆಗೆಯಬೇಕು. ಗ್ಯಾನಮ್ಮ ಹರವಿ ಬೋರಲು ಹಾಕಲು ಬಂದಳು.

‘ಇರಲಿ ಬಿಡು,’ ಎಂದಳು ಕಸ್ತೂರೆಮ್ಮ.

‘ಮಳ್ಯಾಗ ಯಾರು ನೀರು ಕೇಳ್ತಾರ್ರಿ ಅಮ್ಮಾರ?’

‘ಕೇಳದಿದ್ರ ಬಿಡಲಿ. ಸೋಸಿ ಇಡು.’

ಮರುದಿನವೂ ಮಳೆ, ಅದರ ಮರುದಿನವೂ ಮಳೆ. ಕಣಿಕೆಯ ಚಪ್ಪರ ಸೋರುತ್ತಿತ್ತು. ಬಸ್ಸುಗಳು ನಿಲ್ಲದೆ ಹೋಗುತ್ತಿದ್ದವು. ಕಿಟಕಿಯಿಂದ ಜನ ಬಗ್ಗಿ ನೋಡಿ, ಮಳೆಯಲ್ಲಿ ನೀರು ಹಿಡಿದು ಕೂತ ಮುದುಕಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು. ಗ್ಯಾನಮ್ಮನಿಗೂ ಹಾಗೇ ಅನಿಸಿತ್ತು. ಆದರೂ ದಿನಕ್ಕೊಂದು ಕೊಡ ತಂದು, ಪತ್ರೆ ಮೇಲೆ ಮಾಡಿ ಸೋಸಿಟ್ಟು, ಗೋಣಿತಟ್ಟಿನ ಕೊಪ್ಪೆ ಹೊದ್ದು ಪಕ್ಕದಲ್ಲಿ ಕೂರುತ್ತಿದ್ದಳು.

ಮಂಗಳವಾರ ಮೂರು ಗಂಟೆಯ ಸುಮಾರಿಗೆ ಸಿಂಧನೂರಿನ ಬಸ್ಸೊಂದು ನಿಂತಿತು. ಹೆಗಲಿನ ಮಲಾರಕ್ಕೆ ಪ್ಲಾಸ್ಟಿಕ್ಕು ಸುತ್ತಿ, ತಾನು ಮಾತ್ರ ತೊಯ್ದು ತೊಪ್ಪೆಯಾಗಿ ಬಾಬುಸಾಬ್ ಇಳಿದ. ಕೈಯಲ್ಲಿ ಕೋಲು ಇರಲಿಲ್ಲ. ಚಪ್ಪರದ ಹೊರಗೆ ಮಳೆಯಲ್ಲೇ ನಿಂತ.

‘ಮಗಳ ಮನಿಗೆ ಹೋಗಿದ್ಯಾ, ಜವಳಗೇರಾಕ್ಕ. ಅಲ್ಲಿ ಮದುವಿ ಭಾಳ, ಬ್ಯಾಸಗಿ ಅಲ್ಲೇ ಕಳೀತು,’ ಎಂದ. ‘ಬಸ್ಸಿನ್ಯಾಗ ಅಂದ್ರು, ಹುಣಸಿನಾಳದಮ್ಮ ಎಲ್ಲಾರ ಕಾಲು ನೋಡಾಕತ್ತ್ಯಾಳ, ಮಳಿ ಬಂದ್ರೂ ಎದ್ದಿಲ್ಲ, ಯಾರೋ ಒಬ್ಬವ ಬರಾದೈತಿ ಅಂತ.’

ಬಾಬುಸಾಬ್ ಬಗ್ಗಿ ಲುಂಗಿಯನ್ನು ಮೊಣಕಾಲ ತನಕ ಎತ್ತಿದ. ಒಂದು ಕಾಲು ಮುಂದಿಟ್ಟ, ಆಮೇಲೆ ಇನ್ನೊಂದು. ತಿರುಗಿ ನಿಂತು ಹಿಂದಿನ ಮಗ್ಗಲೂ ತೋರಿಸಿದ. ಕೆಸರನ್ನು ಮಳೆ ತೊಳೆಯಿತು. ಹಿಮ್ಮಡಿಯಲ್ಲಿ ಹಳೆಯ ಕಲೆ ಒಂದು, ಬಿಟ್ಟರೆ ಏನೂ ಇರಲಿಲ್ಲ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡನ ಎದುರು, ಊರ ಎದುರು ಅಳದವಳು, ಗ್ಯಾನಮ್ಮ ನೋಡುತ್ತಿದ್ದಾಳೆ ಎಂಬುದನ್ನೂ ಮರೆತು ಅತ್ತಳು. ಅವನು ಅವಳ ಕಾಲಿನ ಕಟ್ಟನ್ನೂ, ಅದರಲ್ಲಿ ಸಿಕ್ಕಿಸಿದ ಬೆಂಕಿಕಡ್ಡಿಯನ್ನೂ ನೋಡಿದ.

‘ನಿಮಗೂ ಬಂತೇನು?’

‘ಬಂತು. ಇನ್ನ ಗೇಣು ಉಳದೈತಿ.’

‘ಜಗ್ಗಬ್ಯಾಡ್ರಿ, ಹರೀತೈತಿ. ಅದು ತಾನ ಬರ್ತೈತಿ,’ ಎಂದ ಅನುಭವಸ್ಥ. ಆಮೇಲೆ ಚಪ್ಪರದೊಳಗೆ ಬಂದು, ಮಲಾರ ಇಳಿಸಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದ. ‘ನೀರು ಹಾಕ್ರಿ.’

ಅವನ ತಲೆಯಿಂದ, ಗಡ್ಡದಿಂದ, ಮೊಣಕೈಯಿಂದ ನೀರು ಇಳಿಯುತ್ತಿತ್ತು. ಗ್ಯಾನಮ್ಮನಿಗೆ ನಗೆ ತಡೆಯಲಾಗಲಿಲ್ಲ.

‘ಇಂಥಾ ಮಳ್ಯಾಗ ಎಂಥಾ ನೀರಡಿಕಿ ಮಾವಾ ನಿನಗ?’

‘ಹೋದ ವರ್ಷ ಕುಡೀಲಾರದ ಹೋಗಿದ್ನಲ್ಲವಾ,’ ಎಂದ ಬಾಬುಸಾಬ್. ‘ಅದ ನೀರಡಿಕಿ.’

ಚರಿಗೆಗೆ ಕೈ ಹಾಕಿದ ಗ್ಯಾನಮ್ಮನನ್ನು ಕಸ್ತೂರೆಮ್ಮ ತಡೆದಳು. ಹೊರಸಿನಿಂದ ಕಾಲು ಇಳಿಸಿ, ಹರವಿ ಹಿಡಿದು ಎದ್ದು ನಿಂತು, ತಾನೇ ಸುರಿದಳು.